ಹಾರಿಸಿ ನೋಡಲಾಗಿದೆ

ಐದು ಕಿಲೋ ಕಬ್ಬಿಣದ ಗುಂಡು ಕಟ್ಟಿ ನೇತುಹಾಕಿದ್ದ ಹಳೆಯ ದಾರವನ್ನು ಅಕ್ಕ ಮೂರನೆಯ ಸಲ ಅಳೆದಳು. ಮೂರನೆಯ ಸಲವೂ ಅದು ಕಂಪನಿಯ ಪಟ್ಟಿಯಲ್ಲಿದ್ದ ಅಳತೆಗಿಂತ ಎರಡು ಸೆಂಟಿಮೀಟರು ಉದ್ದವೇ ಬಂತು. ಹಳೆಯ ದಾರ ಜಗ್ಗುವುದು ನಿಜ, ಆದರೆ ಎರಡು ಮಿಲಿಮೀಟರು, ಹೆಚ್ಚೆಂದರೆ ಮೂರು. ಎರಡು ಸೆಂಟಿಮೀಟರು ಜಗ್ಗಲು ಅದೇನು ಚಡ್ಡಿಯ ಇಲಾಸ್ಟಿಕ್ಕೇ? ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಪಟ್ಟಿಯನ್ನು ದೀಪದ ಹತ್ತಿರ ಹಿಡಿದಳು. ಪುಟದ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಒಂದು ಸಾಲಿತ್ತು. ಈ ಅಳತೆಗಳಲ್ಲಿ ತುದಿಯ ಕುಣಿಕೆಗಳು ಸೇರಿಲ್ಲ.

ಉಳಿದ ಎಲ್ಲ ಕಂಪನಿಯವರೂ ದಾರದ ಎರಡು ತುದಿಯ ಕುಣಿಕೆಗಳನ್ನು ಸೇರಿಸಿಯೇ ಅಳತೆ ಕೊಡುತ್ತಾರೆ. ಹದಿನಾಲ್ಕು ವರ್ಷದಿಂದ ಅಕ್ಕನ ಕೈ ಹಾಗೆ ಅಳೆದೇ ರೂಢಿ. ಈ ಕಂಪನಿಯ ಮಾಲು ಅಂಗಡಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಅಂದರೆ ಮೊನ್ನೆ ಅವಳು ಹೊಲಿದು ಹಾಕಿದ ಹೊಸ ದಾರ ಎರಡು ಸೆಂಟಿಮೀಟರು ಗಿಡ್ಡ. ಬಲಗಡೆಯ ಜೋಡಿ ದಾರದ ಪಕ್ಕ ಹಿಡಿದು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಪಟ್ಟಿ ಇದೆಯಲ್ಲ, ಇನ್ನೇನು ಅಂದುಕೊಂಡಿದ್ದಳು. ಆ ದಾರ ಹಾಕಿದ ರೆಕ್ಕೆ ಈಗ ಮೇಜಿನ ಮೇಲಿಲ್ಲ, ಕಪಾಟಿನಲ್ಲೂ ಇಲ್ಲ. ಅಕ್ಕ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು.

ಗುಡ್ಡದ ನೆತ್ತಿಗಿಂತ ಇನ್ನೂ ಅಷ್ಟೇ ಮೇಲೆ, ಸಂಜೆಯ ಹಳದಿ ಬೆಳಕಿನಲ್ಲಿ, ಒಂದೇ ಒಂದು ಕಿತ್ತಳೆ ರೆಕ್ಕೆ ತೇಲುತ್ತಿತ್ತು. ಅದರ ಕೆಳಗೆ ಕಾಲು ಇಳಿಬಿಟ್ಟು ಕೂತಿದ್ದವಳು ಅವಳ ತಂಗಿ.

ಅದು ಪ್ಯಾರಾಗ್ಲೈಡರ್ ರಿಪೇರಿ ಮಾಡುವ ಅಂಗಡಿ. ಆದರೆ ಅಷ್ಟುದ್ದದ ಹೆಸರನ್ನು ಅಲ್ಲಿ ಯಾರೂ ಹೇಳುವುದಿಲ್ಲ, ರೆಕ್ಕೆ ಅಂದರೆ ಮುಗಿಯಿತು. ಕೆಳಗೆ ಕೌಂಟರಿನಲ್ಲಿ ಸೋದರಮಾವ, ಮೇಲೆ ಅಕ್ಕ. ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಉದ್ದನೆಯ ಕೋಣೆ ಅದು. ಒಂಬತ್ತು ಮೀಟರಿನ ಮೇಜು, ಎರಡು ಹೊಲಿಗೆ ಮೆಷೀನು, ಗೋಡೆಯುದ್ದಕ್ಕೂ ದಾರದ ಉರುಳೆಗಳು, ಗುಡ್ಡಕ್ಕೆ ಮುಖ ಮಾಡಿದ ಒಂದು ಕಿಟಕಿ. ಬರಬರುತ್ತ ಗಿರಾಕಿಗಳೆಲ್ಲ ಹಗುರ ರೆಕ್ಕೆಗೇ ಮರುಳಾಗಿದ್ದರು. ಇಡೀ ರೆಕ್ಕೆ ಮೂರು ಕಿಲೋ, ಮಡಿಸಿದರೆ ಒಂದು ತಲೆದಿಂಬು. ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಬಹುದು, ಹಾರಿ ಇಳಿಯಬಹುದು. ಆದರೆ ಬಟ್ಟೆ ಉಸಿರು ತಾಕಿದರೆ ನಡುಗುವಷ್ಟು ತೆಳು, ದಾರಕ್ಕೆ ಮೇಲುಹೊದಿಕೆಯೇ ಇಲ್ಲ. ಬಿಸಿಲಿಗೆ ಹರಡಬೇಡಿ, ನೆಲದ ಮೇಲೆ ಎಳೆಯಬೇಡಿ, ಒದ್ದೆ ಇದ್ದಾಗ ಮಡಿಸಬೇಡಿ, ಮಡಿಸುವ ಮುಂಚೆ ಕೊಡವಿ, ಒಳಗೆ ಮಿಡತೆ ಸಿಕ್ಕಿಕೊಂಡರೆ ಬಟ್ಟೆ ತಿಂದು ಹೊರಗೆ ಬರುತ್ತದೆ ಎಂದು ಅಕ್ಕ ಪ್ರತಿಯೊಬ್ಬರಿಗೂ ಪಾಠ ಹೇಳುತ್ತಿದ್ದಳು. ನಾಲ್ಕು ಊರಿನ ಬಾಯಿಗಳೊಳಗೆ ಕೈ ಹಾಕಿ ಬೈಯುವ ಹಲ್ಲಿನ ಡಾಕ್ಟರಮ್ಮ ಕೂಡ ಅಕ್ಕನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕಿತ್ತಳೆ ರೆಕ್ಕೆ ಅವರದೇ. ಮುಳ್ಳಿಗೆ ತಗುಲಿ ಎಡಗಡೆಯ ಹಿಂದಿನ ಸಾಲಿನ ಒಂದು ದಾರ ತರಚಿತ್ತು. ನಾಳೆ ಹತ್ತು ಗಂಟೆಗೆ ಬಂದು ಒಯ್ಯುವವರಿದ್ದರು.

ಮಾವನದು ಒಂದೇ ಕಾನೂನು. ಹೊಲಿದವರೇ ಮೊದಲು ಹಾರಬೇಕು. ಕೈಗೆ ತಪ್ಪಿದ್ದು ಕುಂಡೆಗೆ ಗೊತ್ತಾಗುತ್ತದೆ ಎಂಬುದು ಅವರ ಮಾತು. ರಿಪೇರಿಯಾದ ಪ್ರತಿ ರೆಕ್ಕೆಯ ಚೀಲಕ್ಕೂ ಒಂದು ಚೀಟಿ ಕಟ್ಟುತ್ತಿದ್ದರು. ಅದರ ಮೇಲೆ ಅವರೇ ಅಚ್ಚು ಹಾಕಿಸಿದ ಮೂರು ಸಾಲು: ಬಟ್ಟೆ ನೋಡಲಾಗಿದೆ, ದಾರ ಅಳೆಯಲಾಗಿದೆ, ಹಾರಿಸಿ ನೋಡಲಾಗಿದೆ. ಕೆಳಗೆ ಅಕ್ಕನ ಸಹಿ. ಆ ಚೀಟಿ ಇದ್ದರೆ ಗಿರಾಕಿಗಳು ಕಣ್ಣು ಮುಚ್ಚಿಕೊಂಡು ಗುಡ್ಡದಿಂದ ಓಡುತ್ತಿದ್ದರು.

ಅಕ್ಕ ಹಾರಿ ನಾಲ್ಕು ವರ್ಷವಾಗಿತ್ತು. ಇದು ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಅಪಘಾತವೇನೂ ಆಗಿರಲಿಲ್ಲ, ಒಂದು ಉಗುರು ಕೂಡ ಮುರಿದಿರಲಿಲ್ಲ. ಒಂದು ಬೆಳಿಗ್ಗೆ ಗುಡ್ಡದ ಮೇಲೆ ರೆಕ್ಕೆ ಎತ್ತಿದಳು, ಅದು ನೆತ್ತಿಯ ಮೇಲೆ ನೆಟ್ಟಗೆ ಬಂದು ನಿಂತಿತು, ಇನ್ನು ಓಡಬೇಕು. ಕಾಲು ಬರಲಿಲ್ಲ. ಗಾಳಿ ಸರಿಯಿಲ್ಲ ಎಂದು ರೆಕ್ಕೆ ಇಳಿಸಿದಳು. ಗಾಳಿ ಚೆನ್ನಾಗಿಯೇ ಇತ್ತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಮಂಡಿನೋವು ಎಂದು ಹೇಳಿ ಗುಡ್ಡಕ್ಕೇ ಹೋಗಲಿಲ್ಲ. ಆಮೇಲೆ ಅಂಗಡಿಯ ಹಿಂದಿನ ಫುಟ್‌ಬಾಲ್ ಮೈದಾನದಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ರೆಕ್ಕೆಯನ್ನು ತಲೆಯ ಮೇಲಕ್ಕೆ ಎತ್ತಿ, ಎಡಕ್ಕೆ ಬಲಕ್ಕೆ ಆಡಿಸಿ, ಇಳಿಸಿಬಿಡುತ್ತಿದ್ದಳು. ಎತ್ತಿ ನೋಡುತ್ತಿದ್ದಳು, ಅಷ್ಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಚೀಟಿಗೆ ಸಹಿ ಹಾಕುತ್ತಿದ್ದಳು. ಮೊದಲ ವರ್ಷ ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಒಂದು ಗಳಿಗೆ ಕೂರುತ್ತಿದ್ದಳು. ಬರುಬರುತ್ತ ಅದೂ ನಿಂತಿತು.

ಮೊನ್ನೆ ಕಿತ್ತಳೆ ರೆಕ್ಕೆಯನ್ನು ಎತ್ತಿದಾಗ ಅದು ಒಂಚೂರು ಎಡಕ್ಕೆ ವಾಲಿದ್ದು ನಿಜ. ಗಾಳಿ ಪಕ್ಕದಿಂದ ಬರುತ್ತಿದೆ ಎಂದುಕೊಂಡಿದ್ದಳು.

ಇನ್ನು ತಂಗಿಯ ವಿಷಯ. ಅವಳು ಅಕ್ಕನಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು, ಹಾರುವುದನ್ನು ಕಲಿಸುವವಳು. ಎತ್ತರದಿಂದ ಇಳಿಯುವಾಗ ಎಡಕ್ಕೆ ಗಿರಗಿರ ಸುತ್ತುತ್ತ ಬರುವ ಚಾಳಿಯಿಂದ ಗಿರಗಿಟ್ಲೆ ಎಂದು ಹೆಸರಾಗಿತ್ತು. ಅವಳಿಗೆ ಇನ್ನೊಂದು ಚಾಳಿಯೂ ಇತ್ತು. ಅಕ್ಕ ರಿಪೇರಿ ಮಾಡಿದ ರೆಕ್ಕೆಯನ್ನು ಗಿರಾಕಿ ಬರುವ ಮುಂಚೆ ಎತ್ತಿಕೊಂಡು ಹೋಗಿ ಒಂದು ಸುತ್ತು ಸವಾರಿ ಮಾಡಿ ಬರುವುದು. ಅಕ್ಕ ನಾಲ್ಕು ವರ್ಷದಿಂದ ಬೈಯುತ್ತಲೇ ಬಂದಿದ್ದಳು. ಇವತ್ತು ಮಧ್ಯಾಹ್ನವೂ, ಅದೇನು ನಿಮ್ಮಪ್ಪನ ಮನೆ ಗಂಟಾ ಎಂದು ಕೇಳಿದ್ದಳು. ಇಬ್ಬರಿಗೂ ಒಬ್ಬನೇ ಅಪ್ಪ ಅಲ್ವೇನೇ ಎಂದು ನಗುತ್ತ ತಂಗಿ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಿದ್ದಳು. ಗುಡ್ಡಕ್ಕೆ ಹೋಗುವ ಜೀಪು ಹಾರ್ನ್ ಮಾಡುತ್ತಿತ್ತು.

ಅಕ್ಕ ಕಿಟಕಿಯ ಕಟ್ಟೆಯ ಮೇಲಿದ್ದ ವಾಕಿಟಾಕಿ ತೆಗೆದುಕೊಂಡಳು. ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಅಂಗಡಿಯಲ್ಲಿ ಮೂರು ವಾಕಿಟಾಕಿ. ಒಂದು ತಂಗಿಯ ಭುಜದ ಮೇಲೆ, ಒಂದು ಇಲ್ಲಿ, ಇನ್ನೊಂದು ಕೆಳಗೆ ಮಾವನ ಕೌಂಟರಿನ ಮೇಲೆ. ಒಬ್ಬರಿಗೆ ಹೇಳಿದ್ದು ಮೂವರಿಗೂ ಕೇಳುತ್ತದೆ. ಎರಡು ಸೆಂಟಿಮೀಟರು ಗಿಡ್ಡವಾದ ದಾರ ಎಂದರೆ ರೆಕ್ಕೆಯ ಎಡಭಾಗ ಯಾವಾಗಲೂ ಒಂಚೂರು ಬ್ರೇಕು ಹಿಡಿದ ಹಾಗೆಯೇ ಹಾರುತ್ತಿದೆ ಎಂದು ಅರ್ಥ. ನೆಟ್ಟಗೆ ಹೋಗುತ್ತಿದ್ದರೆ ಏನಾಗುವುದಿಲ್ಲ. ಆದರೆ ತಿರುಗಲು ಎಡಗಡೆಯ ಬ್ರೇಕಿನ ದಾರವನ್ನು ಜೋರಾಗಿ ಎಳೆದರೆ ಆ ಅರ್ಧ ಹಾರುವುದನ್ನೇ ನಿಲ್ಲಿಸಿಬಿಡಬಹುದು, ರೆಕ್ಕೆ ತಿರುಚಿಕೊಳ್ಳಬಹುದು. ತಂಗಿ ಇಳಿಯುವುದೋ, ಎಡಕ್ಕೆ ಗಿರಗಿರನೆ. ಗುಂಡಿ ಒತ್ತಿದಳು.

"ಗಿರಗಿಟ್ಲೆ, ಎಡಕ್ಕೆ ತಿರುಗಬೇಡ. ಕೇಳಿಸ್ತಾ? ಎಡಗಡೆ ಬ್ರೇಕು ಮುಟ್ಟಲೇಬೇಡ."

ಗಾಳಿಯ ಸದ್ದಿನ ನಡುವೆ ತಂಗಿಯ ದನಿ, ನಿದ್ದೆಯಿಂದ ಎದ್ದವಳ ಹಾಗೆ, ಯಾಕೆ ಎಂದು ಕೇಳಿತು. ಅಕ್ಕ ಹೇಳಿದಳು. ಕುಣಿಕೆ ಬಿಟ್ಟು ಅಳೆಯಬೇಕಾದ್ದನ್ನು ಸೇರಿಸಿ ಅಳೆದದ್ದು, ದಾರ ಗಿಡ್ಡವಾದದ್ದು, ಯಾವ ಸಾಲು, ಎಷ್ಟು ಗಿಡ್ಡ, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಕೆಳಗಿನಿಂದ ಮಾವ ಮಾತಾಡಿದರು, ಮೆಟ್ಟಿಲಲ್ಲೂ ವಾಕಿಟಾಕಿಯಲ್ಲೂ ಒಟ್ಟಿಗೇ ಕೇಳಿಸಿತು.

"ಹಾರಿಸಿದಾಗ ಗೊತ್ತಾಗ್ಲಿಲ್ವಾ ನಿನಗೆ?"

ಅವರು ಬೈಯಲಿಲ್ಲ, ಬರಿದೆ ಕೇಳಿದರು. ಎಡಕ್ಕೆ ಎಳೆಯುವ ರೆಕ್ಕೆಯಲ್ಲಿ ಕೂತ ಯಾರಿಗೇ ಆದರೂ ನೂರು ಮೀಟರು ಹೋಗುವುದರೊಳಗೆ ಗೊತ್ತಾಗುತ್ತದೆ. ಅವತ್ತು ಗಾಳಿ ಒರಟಾಗಿತ್ತು ಮಾವ, ತಿಳಿಯಲಿಲ್ಲ ಎಂದರೆ ಮುಗಿಯುತ್ತಿತ್ತು. ಆ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಕ್ಕ ಕಿಟಕಿಯಿಂದ ನೋಡಿದಳು. ಕಿತ್ತಳೆ ರೆಕ್ಕೆ ನಿಧಾನವಾಗಿ, ತುಂಬ ನಿಧಾನವಾಗಿ, ಎಡಕ್ಕೆ ಹೊರಳುತ್ತಿತ್ತು. ಒಳಗಿದ್ದವಳು ಮೈಯನ್ನು ಬಲಕ್ಕೆ ಒರಗಿಸಿ ಅದನ್ನು ಮತ್ತೆ ದಾರಿಗೆ ತಂದಳು.

"ಹಾರಿಸಿಲ್ಲ ಮಾವ. ಇದನ್ನ ಅಂತಲ್ಲ. ನಾಲ್ಕು ವರ್ಷದಿಂದ ನಾನು ಯಾವುದನ್ನೂ ಹಾರಿಸಿಲ್ಲ. ಬರೀ ಎತ್ತಿ ನೋಡ್ತಿದ್ದೆ. ನನಗೆ ಭಯ."

ಕೆಳಗೆ ಕುರ್ಚಿ ಜರುಗಿದ ಸದ್ದು ಕೇಳಿಸಿತು. ಅಕ್ಕನಿಗೆ ನಾಚಿಕೆಯಿಂದ ಕಿವಿ ಸುಟ್ಟುಹೋಗುತ್ತಿತ್ತು, ಆದರೆ ಅದಕ್ಕಿಂತ ದೊಡ್ಡದು ಆ ಕಿತ್ತಳೆ ಚುಕ್ಕೆ. ಮಾವ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು. ಅವಳ ಮುಖ ನೋಡಲಿಲ್ಲ, ಕಿಟಕಿ ನೋಡಿದರು.

"ಮೊದಲು ಅವಳನ್ನ ಇಳಿಸು. ನಿನ್ನ ವಿಚಾರ ಆಮೇಲೆ."

ಇಳಿಸುವುದೇನು ಸುಲಭವಾಗಿರಲಿಲ್ಲ. ಅದು ಬೆಣ್ಣೆಗಾಳಿಯ ಹೊತ್ತು. ಹಾಗೆಂದು ಹೆಸರಿಟ್ಟವರು ಮಾವನೇ. ದಿನವೆಲ್ಲ ಕಾದ ಕಣಿವೆ ಸಂಜೆ ಆ ಬಿಸಿಯನ್ನು ಒಮ್ಮೆಲೇ ಬಿಡದೆ ಮೆಲ್ಲಗೆ, ಎಲ್ಲ ಕಡೆಯಿಂದಲೂ, ಮೇಲಕ್ಕೆ ಬಿಡುತ್ತದೆ. ಆಗ ಗಾಳಿಯಲ್ಲಿ ಒಂದು ಸುಕ್ಕೂ ಇರುವುದಿಲ್ಲ. ಯಾವ ಮೂಲೆಗೆ ಹೋದರೂ ಅದು ಎತ್ತಿ ಹಿಡಿಯುತ್ತದೆ, ಕೆಳಗೆ ಬಿಡುವುದಿಲ್ಲ. ಹಾರುವವರು ವರ್ಷವಿಡೀ ಇಂಥ ಸಂಜೆಗಾಗಿ ಕಾಯುತ್ತಾರೆ. ಇಳಿಯಲೇಬೇಕೆಂದರೆ ಸುತ್ತು ಹೊಡೆಯಬೇಕು, ಅಥವಾ ರೆಕ್ಕೆಯ ತುದಿ ಮಡಿಸಬೇಕು. ಅಳತೆ ತಪ್ಪಿದ ರೆಕ್ಕೆಯಲ್ಲಿ ಅವೆರಡೂ ಬೇಡ ಎಂದು ಅಕ್ಕ ಹೇಳಿದಳು. ಹಾಗಾದರೆ ಗಾಳಿ ತಣ್ಣಗಾಗುವವರೆಗೆ ಕಾಯಬೇಕು, ಕತ್ತಲಾಗುವುದರೊಳಗೆ ತಣ್ಣಗಾಗಬೇಕು. ಸೂರ್ಯ ಮುಳುಗಲು ಇನ್ನೊಂದು ಗಂಟೆಯಿತ್ತು.

ಅಕ್ಕ ವಾಕಿಟಾಕಿ ಹಿಡಿದುಕೊಂಡು ಮೈದಾನಕ್ಕೆ ಬಂದಳು. ಮಾವ ತಮ್ಮ ವಾಕಿಟಾಕಿಯನ್ನೂ ಒಂದು ಮಡಿಸುವ ಕುರ್ಚಿಯನ್ನೂ ತಂದು ಗೋಲುಕಂಬದ ಹತ್ತಿರ ಕೂತರು. ಮಾತಾಡುತ್ತಾ ಇರು, ದನಿ ಕೇಳಿಸುತ್ತಿದ್ದರೆ ನನಗೆ ಧೈರ್ಯ ಎಂದು ಅಕ್ಕ ತಂಗಿಗೆ ಹೇಳಿದಳು. ಏನು ಮಾತಾಡಲಿ ಎಂದು ತಂಗಿ ಕೇಳಿದಳು. ಮೇಲೆ ಹೇಗಿದೆ ಎಂದು ಅಕ್ಕ ಕೇಳಿದಳು. ಕೇಳಿದ ಮೇಲೆ, ನಾಲ್ಕು ವರ್ಷದಲ್ಲಿ ಈ ಒಂದು ಮಾತನ್ನು ತಾನು ಒಂದು ದಿನವೂ ಕೇಳಿರಲಿಲ್ಲ ಎಂಬುದು ಅವಳಿಗೆ ಹೊಳೆಯಿತು.

ತಂಗಿ ಹೇಳತೊಡಗಿದಳು. ಬೇಕರಿಯ ಒಲೆಯ ವಾಸನೆ ಇಲ್ಲಿಯವರೆಗೂ ಬರುತ್ತಿದೆಯಂತೆ. ನಾಯಿ ಬೊಗಳುವುದು ಕೇಳುತ್ತದೆಯಂತೆ, ಆದರೆ ನಾಯಿ ಕಾಣುವುದಿಲ್ಲ. ಯಾರೋ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾರೆ, ಒಂದು ಬಿಳಿ ಹಾಸಿಗೆಬಟ್ಟೆ ಮಡಿಸಲು ಇಬ್ಬರು ಎರಡು ಕಡೆ ಹಿಡಿದಿದ್ದಾರೆ, ಒಬ್ಬರ ಹತ್ತಿರ ಒಬ್ಬರು ಬರುತ್ತಾರೆ, ದೂರ ಹೋಗುತ್ತಾರೆ. ಒಂದು ಹದ್ದು ಬಂತು ಎಂದಳು. ಅದು ರೆಕ್ಕೆ ಬಡಿಯದೆ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ತೇಲುತ್ತಿದೆಯಂತೆ. ಕತ್ತು ಓರೆ ಮಾಡಿ ನನ್ನ ಎಡಗಡೆಯ ದಾರವನ್ನೇ ನೋಡುತ್ತಿದೆ, ಇದಕ್ಕೂ ಗೊತ್ತಾದ ಹಾಗಿದೆ ಎಂದಳು. ಮಾವ ನಕ್ಕರು. ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಬಿಸಿಲು ಮೊದಲು ಮೈದಾನದಿಂದ ಹೋಯಿತು, ಆಮೇಲೆ ಅಂಗಡಿಯ ಗೋಡೆಯಿಂದ, ಆಮೇಲೆ ಗುಡ್ಡದ ಕಾಲಿನಿಂದ. ಮೇಲೆ ತಂಗಿ ಮಾತ್ರ ಇನ್ನೂ ಬೆಳಕಿನಲ್ಲಿದ್ದಳು. ಕೆಳಗೆ ಸಂಜೆಯಾಗಿದ್ದರೂ ಅಲ್ಲಿ ಮಧ್ಯಾಹ್ನವೇ ಇತ್ತು. ಅವಳ ಮಾತು ತಡೆತಡೆದು ಬರುತ್ತಿತ್ತು, ಒಂದೊಂದು ಮಾತಿನ ನಡುವೆ ಗಾಳಿ ಉಸಿರಾಡುತ್ತಿತ್ತು. ಕೇಳುತ್ತ ಕೇಳುತ್ತ ಅಕ್ಕನಿಗೆ ತಾನು ಹುಲ್ಲಿನ ಮೇಲೆ ನಿಂತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಹಾರ್ನೆಸ್ಸಿನ ಪಟ್ಟಿ ತೊಡೆಗೆ ಒತ್ತುವುದು, ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ, ನೆಲ ಕಾಲಿನ ಕೆಳಗಿಂದ ಸದ್ದಿಲ್ಲದೆ ಸರಿಯುವುದು, ಎಲ್ಲವೂ ನೆನಪಾಯಿತು. ಎಷ್ಟು ಇಷ್ಟವಿತ್ತು ತನಗೆ ಇದು ಎಂದುಕೊಂಡಳು.

ಆಗ ತಂಗಿ ದನಿ ತಗ್ಗಿಸಿ, ಮಾವ, ನೀವು ಒಂದೆರಡು ನಿಮಿಷ ಕಿವಿ ಮುಚ್ಚಿಕೊಳ್ಳಿ ಎಂದಳು. ಮಾವ ವಾಕಿಟಾಕಿಯನ್ನು ತೊಡೆಯ ಮೇಲೆ ಬೋರಲು ಹಾಕಿದರು. ಕಿವಿ ಮಾತ್ರ ತೆರೆದೇ ಇತ್ತು.

"ಅಕ್ಕ, ಯಾಕೆ ಅಂತ ತಿಳೀದಿದ್ರೂ ಎಡಕ್ಕೆ ಎಳೀತಿದೆ ಅಂತ ನನಗೆ ಹತ್ತಿದ ಕೂಡಲೇ ಗೊತ್ತಾಯ್ತು ಕಣೆ. ಅದಕ್ಕೆ ತಾನೇ ನಾನು ಹತ್ತೋದು."

ಅಕ್ಕನಿಗೆ ಅರ್ಥವಾಗಲಿಲ್ಲ. ಅಂದರೆ ಎಂದು ಕೇಳಿದಳು.

ತಂಗಿ ಅವಸರವಿಲ್ಲದೆ ಹೇಳಿದಳು. ಅವತ್ತು ಗುಡ್ಡದ ಮೇಲೆ ಅಕ್ಕನ ಕಾಲು ಬರದೆ ನಿಂತಾಗ ತಾನು ಹಿಂದೆಯೇ ನಿಂತಿದ್ದೆ ಎಂದಳು. ಗಾಳಿ ಸರಿಯಿತ್ತು ಎಂಬುದು ತನಗೂ ಗೊತ್ತಿತ್ತು. ಮೂರನೆಯ ದಿನ ಮಂಡಿನೋವು ಎಂದಾಗ ಎಲ್ಲ ತಿಳಿಯಿತು. ಕೇಳಿದರೆ ನೀನು ಹೊಲಿಯುವುದನ್ನೂ ಬಿಡುತ್ತಿದ್ದೆ, ನಿನ್ನ ಹಟ ನನಗೆ ಗೊತ್ತಿಲ್ಲವೇ ಎಂದಳು. ಅದಕ್ಕೇ ಅವತ್ತಿನಿಂದ ಅಕ್ಕನ ಕೈಯಿಂದ ಬಂದ ಒಂದು ರೆಕ್ಕೆಯನ್ನೂ ತಾನು ಹಾರಿಸದೆ ಗಿರಾಕಿಯ ಕೈಗೆ ಕೊಟ್ಟಿಲ್ಲ. ಸವಾರಿ, ಚಾಳಿ ಎಂದು ಬೈಸಿಕೊಂಡದ್ದೇ ಒಳ್ಳೆಯದಾಯಿತು. ಎರಡೇ ಎರಡು ಸಲ ಏನೋ ಸಣ್ಣದು ಕಂಡಿತ್ತು. ಹಸಿರು ರೆಕ್ಕೆಯ ಬ್ರೇಕು ಯಾಕೋ ಬಿಗಿ ಅನ್ನಿಸಿತು, ನೋಡೇ ಎಂದು ತಾನು ಹೇಳಿದ್ದು, ನಿನಗೇನು ಗೊತ್ತು ಎಂದು ಅಕ್ಕ ಬೈದು ಆಮೇಲೆ ಸಡಿಲಿಸಿದ್ದು ನೆನಪಿದೆಯೇ?

ಅಕ್ಕನಿಗೆ ನೆನಪಿತ್ತು. ಒಂದೊಂದು ಬೈಗುಳವೂ ನೆನಪಾಯಿತು.

"ನೀನು ಸಹಿ ಹಾಕಿದ್ದು ಸುಳ್ಳಿಗೇನಲ್ಲ. ಚೀಟಿ ಮೇಲೆ ಏನಿದೆ? ಹಾರಿಸಿ ನೋಡಲಾಗಿದೆ. ಯಾರು ನೋಡಿದ್ದು ಅಂತ ಎಲ್ಲಿದೆ?"

ಕುರ್ಚಿಯಲ್ಲಿ ಕೂತ ಮಾವ ಕೆಮ್ಮಿದರು. ಮೂವತ್ತು ವರ್ಷದ ಕೆಳಗೆ ಆ ಸಾಲನ್ನು ಅಚ್ಚು ಹಾಕಿಸಿದವರು ಅವರು. ಘನವಾಗಿ ಕೇಳಿಸಲಿ ಎಂದು 'ನೋಡಿದೆ' ಎನ್ನುವುದನ್ನು 'ನೋಡಲಾಗಿದೆ' ಮಾಡಿಸಿದ್ದರಂತೆ. ನನ್ನದೇ ತಪ್ಪು ಬಿಡು ಎಂದು ಗೋಲುಕಂಬಕ್ಕೆ ಹೇಳಿದರು.

ತಂಗಿಯೂ ಈಗ ನೆರಳಿಗೆ ಬಂದಳು. ಕಿತ್ತಳೆ ಬಣ್ಣ ಆರಿ ಬೂದಿಯಾಯಿತು. ಅಕ್ಕ ಕಣ್ಣೊರೆಸಿಕೊಂಡಳು. ಕಣಿವೆಯಲ್ಲಿ ಎಲ್ಲಿ ಮೊದಲು ತಣ್ಣಗಾಗುತ್ತದೆ ಎಂದು ಯೋಚಿಸಿದಳು. ಮರ ಕೊಯ್ಯುವ ಕಾರ್ಖಾನೆಯ ಹಿಂದಿನ ಹಳ್ಳ. ಗುಡ್ಡದ ನೆರಳು ಅಲ್ಲಿಗೆ ಮೊದಲು ಬೀಳುತ್ತದೆ, ತಂಪು ಗಾಳಿ ಅದರೊಳಗೆ ಇಳಿದು ನಿಲ್ಲುತ್ತದೆ. ಹಾರುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದಾಗಲೆಲ್ಲ ಧೊಪ್ಪನೆ ಕೆಳಗಿಳಿದು ಬೈದುಕೊಂಡಿದ್ದಳು. ಆ ಕಡೆ ಹೋಗು ಎಂದು ತಂಗಿಗೆ ಹೇಳಿದಳು. ಬ್ರೇಕು ಬೇಡ, ಮೈ ಬಲಕ್ಕೆ ಒರಗಿಸಿಯೇ ಹೋಗು, ಎಷ್ಟು ಹೊತ್ತಾದರೂ ಆಗಲಿ. ತಂಗಿ ಹೋದಳು. ದೊಡ್ಡ, ಸೋಮಾರಿ ವೃತ್ತದಲ್ಲಿ ಬಲಕ್ಕೆ ತಿರುಗುತ್ತ ಹಳ್ಳದ ಮೇಲೆ ಬಂದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಹಿಂದಿದ್ದ ಮರಗಳ ತುದಿ ಮೆಲ್ಲಗೆ ಮೇಲೇಳತೊಡಗಿತು. ಇಳಿಯುತ್ತಿದ್ದೇನೆ ಎಂದು ತಂಗಿಯೇ ಹೇಳಿದಳು.

ಮೈದಾನದ ಅಂಚಿಗೆ ಬಂದಾಗ ಅವಳು ವಿದ್ಯುತ್ ಕಂಬಗಳಿಗಿಂತ ಸ್ವಲ್ಪ ಮೇಲಿದ್ದಳು. ಅವಳ ಶೂ ಕಾಣಿಸಿತು. ಇಳಿಯುವ ಗಳಿಗೆಯಲ್ಲಿ ಎಲ್ಲರೂ ಎರಡೂ ಬ್ರೇಕನ್ನು ಪೂರ್ತಿ ಎಳೆದು ನಿಲ್ಲುತ್ತಾರೆ. ಕೈಗೆ ಅದು ಅಭ್ಯಾಸ, ಹೇಳದಿದ್ದರೂ ಎಳೆಯುತ್ತದೆ. ಹಾಗೆ ಎಳೆದರೆ ಮೊದಲು ಕುಸಿಯುವುದು ಎಡಭಾಗ, ಬೀಳುವ ಎತ್ತರ ಒಂದು ಮನೆಯಷ್ಟು.

"ಕೈ ಕಿವಿ ಹತ್ರಾನೇ ಇರಲಿ. ಎಳೀಬೇಡ. ಓಡ್ಕೊಂಡು ಇಳಿ. ಓಡು, ಓಡು ಪುಟ್ಟಿ."

ಪುಟ್ಟಿ ಎಂದು ಕರೆದು ಎಷ್ಟು ವರ್ಷವಾಗಿತ್ತೋ. ತಂಗಿ ನೆಲಕ್ಕೆ ಕಾಲಿಟ್ಟಳು, ಓಡಿದಳು, ಅರ್ಧ ಮೈದಾನ ಓಡಿ ಮುಗ್ಗರಿಸಿ ಮಂಡಿಯೂರಿದಳು. ರೆಕ್ಕೆ ಅವಳ ಎಡಕ್ಕೆ ಮಲಗಿತು. ಅಕ್ಕ ಅವಳಿಗಿಂತ ಜೋರಾಗಿ ಓಡಿದ್ದಳು. ತಂಗಿಯ ಎದೆಯ ಬಕಲಿಗೆ ಕೈ ಹಾಕಿದಳು, ತಪ್ಪು ಕಡೆಗೆ ಎಳೆಯುತ್ತಿದ್ದಳು. ತಂಗಿಯೇ ಬಿಚ್ಚಿಕೊಂಡಳು. ಇಬ್ಬರೂ ಹುಲ್ಲಿನ ಮೇಲೆ ಕೂತರು. ನಿನಗೆ ಹೊಡೆದುಬಿಡಬೇಕು ಅನ್ನಿಸುತ್ತಿದೆ ನನಗೆ ಎಂದಳು ಅಕ್ಕ. ಹೊಡಿ ಎಂದಳು ತಂಗಿ. ಅಕ್ಕ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಅಳುತ್ತಿದ್ದಾಗಲೂ ಒಂದು ಕೈಯಿಂದ, ಇಬ್ಬನಿ ಬೀಳುವ ಮುಂಚೆ ಎಂದು, ರೆಕ್ಕೆಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು.

ಮಾವ ಕುರ್ಚಿ ಮಡಿಸಿ ಹತ್ತಿರ ಬಂದರು. ಬೈಯುತ್ತಾರೆ ಎಂದು ಇಬ್ಬರೂ ಕಾದರು. ನಿನ್ನ ವಿಚಾರ ಆಮೇಲೆ ಎಂದಿದ್ದೆನಲ್ಲ ಎಂದು ಶುರು ಮಾಡಿ, ಸ್ವಲ್ಪ ಹೊತ್ತು ಮೂಗು ಉಜ್ಜಿಕೊಂಡರು. ಅಕ್ಕ ಕೆಲಸ ಬಿಡುತ್ತೇನೆ ಎಂದಳು. ಹೊಲಿಯುವವಳು ನೀನು, ಭಯ ಇಟ್ಟುಕೊಂಡೂ ಇಷ್ಟು ವರ್ಷ ನೆಟ್ಟಗೆ ಹೊಲಿದಿದ್ದೀಯ, ಭಯ ಬಿಟ್ಟರೆ ಹೊಲಿಗೆ ಕೆಡುತ್ತದೋ ಏನೋ ಎಂದರು. ಆದರೆ ಕಾನೂನು ಕಾನೂನೇ. ಇನ್ನು ಮೇಲೆ ಚೀಟಿಯಲ್ಲಿ ಹಾರಿಸಿದವರ ಹೆಸರು ಇರಬೇಕು, ಯಾರು ಹಾರಿಸಿದರೂ ಸರಿ, ಗಿರಗಿಟ್ಲೆ ಹಾರಿಸಿದರೆ ಗಿರಗಿಟ್ಲೆಯ ಹೆಸರು ಬರೆದರಾಯಿತು ಎಂದರು. ಡಾಕ್ಟರಮ್ಮನಿಗೆ ಇವತ್ತು ಆದದ್ದನ್ನೆಲ್ಲ ನೀನೇ ಹೇಳಬೇಕು ಎಂದೂ ಹೇಳಿದರು. ಹೇಳುತ್ತೇನೆ ಎಂದಳು ಅಕ್ಕ. ಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡು ಅವರು ಅಂಗಡಿಯ ಕಡೆ ನಡೆದರು.

ಬೆಳಿಗ್ಗೆ ಐದಕ್ಕೇ ಎದ್ದು ಅಕ್ಕ ಹೊಸ ದಾರ ಹೊಲಿದಳು. ಕುಣಿಕೆ ಬಿಟ್ಟು ಅಳೆದಳು. ಎಡದ ದಾರವನ್ನೂ ಬಲದ ದಾರವನ್ನೂ ಒಂದೇ ಮೊಳೆಗೆ ಹಾಕಿ, ಗುಂಡು ಕಟ್ಟಿ, ಎರಡು ತುದಿಯೂ ಒಂದೇ ಸಮ ನಿಲ್ಲುವುದನ್ನು ಕೂತು ನೋಡಿದಳು. ದಾರ ಸಿಕ್ಕಿಸಿ, ರಾತ್ರಿಯೆಲ್ಲ ಹಗ್ಗದ ಮೇಲೆ ಆರಿದ್ದ ಬಟ್ಟೆಯನ್ನು ಕೊಡವಿ, ಒಂದೊಂದೇ ಮಡಿಕೆ ಮಡಿಸಿ ಚೀಲಕ್ಕೆ ಹಾಕಿದಳು. ತಂಗಿ ಮೇಲೆ ಬಂದಾಗ ಆರೂಕಾಲು. ಯಾವತ್ತಿನ ಹಾಗೆ ಅವಳು ಚೀಲದ ಪಟ್ಟಿಗೆ ಕೈ ಹಾಕಿದಳು. ಇನ್ನೊಂದು ಪಟ್ಟಿ ಅಕ್ಕನ ಕೈಯಲ್ಲಿತ್ತು, ಅವಳು ಬಿಡಲಿಲ್ಲ. ತಂಗಿ ಮೆಲ್ಲಗೆ ಎಳೆದಳು, ಅಕ್ಕ ಹಿಡಿದೇ ಇದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರು ಕಿಲೋ ಚೀಲ, ಅದನ್ನು ಎರಡು ಕೈ ಹಿಡಿದುಕೊಂಡು ನಿಲ್ಲುವುದೆಂದರೆ ನಗು ಬರುವ ವಿಷಯ. ತಂಗಿ ಕೈ ಬಿಟ್ಟಳು. ಕಿಟಕಿಯ ಕಟ್ಟೆಯಿಂದ ವಾಕಿಟಾಕಿ ತೆಗೆದುಕೊಂಡು, ಹಿಂದಿನ ಬಾಗಿಲಿನಿಂದ ಮೈದಾನದ ಕಡೆಗೆ ಹೋದಳು.

ರಸ್ತೆಯಲ್ಲಿ ಜೀಪು ನಿಂತಿತ್ತು. ಜೀಪಿನವನು ಚೀಲ ಹೊತ್ತು ಮೆಟ್ಟಿಲಿಳಿದ ಅಕ್ಕನನ್ನು ನೋಡಿದ, ಅವಳ ಹಿಂದೆ ಇನ್ಯಾರಾದರೂ ಬರುತ್ತಾರೋ ಎಂದು ನೋಡಿದ. ಯಾರೂ ಬರಲಿಲ್ಲ. ಮುಂದಿನ ಸೀಟಿನ ಮೇಲಿದ್ದ ತನ್ನ ಟಿಫನ್ ಡಬ್ಬಿಯನ್ನು ತೆಗೆದು ಹಿಂದಕ್ಕೆ ಇಟ್ಟು, ಸೀಟಿನ ಧೂಳನ್ನು ಅಂಗೈಯಿಂದ ಎರಡು ಸಲ ಒರೆಸಿದ.